ಸುಳ್ಳು ಹಿಡಿಯುವ ವಿದ್ಯೆ

ಸುಳ್ಳಾಡುವವನ ಮೈಯೇ ಅವನ ವಿರುದ್ಧ ಸಾಕ್ಷಿ ನುಡಿಯುತ್ತದೆ ಎಂಬ ನಂಬಿಕೆ ಬಹಳ ಹಳೆಯದು. ಯಾಜ್ಞವಲ್ಕ್ಯ ಸ್ಮೃತಿ ಅಂಥವನ ಲಕ್ಷಣಗಳನ್ನು ಬಿಡಿಸಿ ಹೇಳುತ್ತದೆ: ಅವನು ನಿಂತಲ್ಲಿ ನಿಲ್ಲುವುದಿಲ್ಲ, ಕಟಬಾಯಿ ನೆಕ್ಕಿಕೊಳ್ಳುತ್ತಾನೆ, ಅವನ ಹಣೆ ಬೆವರುತ್ತದೆ, ಮುಖ ಬಣ್ಣಗೆಡುತ್ತದೆ, ಬಾಯಿ ಒಣಗಿ ಮಾತು ತಡವರಿಸುತ್ತದೆ, ಎದುರಿನವರಿಗೆ ಕಣ್ಣು ಕೊಟ್ಟು ಮಾತಾಡಲು ಆಗುವುದಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಈ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಈ ಪಟ್ಟಿಯನ್ನು ಹಾಗೆಯೇ ಒಪ್ಪಿಬಿಡಲಿಲ್ಲ. ಇವು ತಪ್ಪಿನ ಶಂಕೆಗೆ ಮಾತ್ರ ಆಧಾರ, ತೀರ್ಮಾನಕ್ಕೆ ಸಾಲವು ಎಂದ. ಸಹಜವಾದ ವಿಕಾರ ಯಾವುದು, ಕಾರಣದಿಂದ ಹುಟ್ಟಿದ್ದು ಯಾವುದು ಎಂದು ಬೇರ್ಪಡಿಸುವುದು ಕಷ್ಟ ಎಂಬುದು ಅವನ ವಾದ. ಮುಂದೆ ಯಂತ್ರ ಕಟ್ಟಿದವರು ಎಡವಿದ್ದು ಇದೇ ಕಲ್ಲಿಗೆ.

ಆ ಕಾಲದ ತೀರ್ಮಾನಕ್ಕೆ ಬೇಕಿದ್ದದ್ದು ಲಿಖಿತ, ಭುಕ್ತಿ (ಸ್ವಾಧೀನಾನುಭವ) ಮತ್ತು ಸಾಕ್ಷಿ. ಮೂರೂ ಇಲ್ಲದಾಗ ದಿವ್ಯದ, ಎಂದರೆ ತೀರ್ಪನ್ನು ದೈವಕ್ಕೆ ಬಿಡುವ ಪರೀಕ್ಷೆಯ, ಮೊರೆ. ಯಾಜ್ಞವಲ್ಕ್ಯ ಹೇಳುವ ದಿವ್ಯಗಳು ಐದು: ತುಲೆ, ಅಗ್ನಿ, ಜಲ, ವಿಷ, ಕೋಶ. ಕನ್ನಡ ನಾಡಿನಲ್ಲಿ ಇದು ಬರೀ ಪುಸ್ತಕದ ಬದನೆಕಾಯಿ ಆಗಿರಲಿಲ್ಲ. ಗೋವೆಯ ಕದಂಬರ ಮೂರನೆಯ ಜಯಕೇಶಿಯ ಕಾಲದ, ಸುಮಾರು 1188ರ ಕಿತ್ತೂರಿನ ಶಾಸನದಲ್ಲಿ ಎರಡು ದೇವಸ್ಥಾನಗಳ ಆಚಾರ್ಯರ ನಡುವಣ ಹೊಲದ ವ್ಯಾಜ್ಯವೊಂದು ಫಾಲದಿವ್ಯದಿಂದ, ಎಂದರೆ ಕೆಂಪಗೆ ಕಾಯಿಸಿದ ನೇಗಿಲ ಕುಳ ಹಿಡಿಯುವ ಪರೀಕ್ಷೆಯಿಂದ, ಬಗೆಹರಿದ ದಾಖಲೆಯಿದೆ. ಬೇರೆ ಸ್ಮೃತಿಕಾರರು ಸೇರಿಸಿದ ತಂಡುಲ ದಿವ್ಯ ಕಳವಿನ ಆರೋಪಕ್ಕೆ ಮೀಸಲು: ಆರೋಪಿ ಅಕ್ಕಿ ಅಗಿದು ಎಲೆಯ ಮೇಲೆ ಉಗುಳಬೇಕು, ಉಗುಳಿನಲ್ಲಿ ರಕ್ತ ಕಂಡರೆ ಅವನೇ ಕಳ್ಳ. ಹೆದರಿದವನ ಬಾಯಿ ಒಣಗುತ್ತದೆ, ಒಣಬಾಯಲ್ಲಿ ಅಕ್ಕಿ ಒಸಡು ಗೀರುತ್ತದೆ ಎಂದು ಇದಕ್ಕೆ ಇಂದಿನವರು ವೈದ್ಯಕೀಯ ಸಮರ್ಥನೆ ಕೊಡುವುದುಂಟು. ಅದು ಅರ್ಧ ಸತ್ಯ. ಊರಿನವರೆಲ್ಲರ ಎದುರು ನಿಂತ ನಿರಪರಾಧಿಗೂ ಬಾಯಿ ಒಣಗುತ್ತದೆ.

ಯುರೋಪಿನಲ್ಲಿ ಅಕ್ಕಿಯ ಜಾಗಕ್ಕೆ ಉಪಕರಣ ಬಂತು. 1895ರಲ್ಲಿ ಇಟಲಿಯ ಅಪರಾಧಶಾಸ್ತ್ರಜ್ಞ ಚೆಸಾರೆ ಲೊಂಬ್ರೋಸೊ ಶಂಕಿತರನ್ನು ಪ್ರಶ್ನಿಸುವಾಗ ಅವರ ನಾಡಿಯ ಏರಿಳಿತ ಅಳೆದು ಪ್ರಕಟಿಸಿದ. ಹಾರ್ವರ್ಡಿನಲ್ಲಿ ವಿಲಿಯಂ ಮಾರ್ಸ್ಟನ್ 1915ರ ಸುಮಾರಿಗೆ ರಕ್ತದೊತ್ತಡವನ್ನೇ ಸುಳ್ಳಿನ ಅಳತೆಗೋಲು ಮಾಡಿಕೊಂಡ. 1921ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರದ ಪೊಲೀಸ್ ಅಧಿಕಾರಿ ಜಾನ್ ಲಾರ್ಸನ್ ರಕ್ತದೊತ್ತಡ ಮತ್ತು ಉಸಿರಾಟ ಎರಡನ್ನೂ ಒಟ್ಟಿಗೆ ಗೀಚುವ ಯಂತ್ರ ಕಟ್ಟಿದ. ಅವನ ಶಿಷ್ಯ ಲಿಯೊನಾರ್ಡ್ ಕೀಲರ್ ಅದನ್ನು ಪೆಟ್ಟಿಗೆಯಲ್ಲಿ ಹೊತ್ತೊಯ್ಯುವಂತೆ ಮಾಡಿ ವ್ಯಾಪಾರಕ್ಕೆ ಇಳಿಸಿದ. ಲಾರ್ಸನ್‌ಗೆ ಕೊನೆಗೆ ತನ್ನ ಕೂಸಿನ ಮೇಲೇ ಬೇಸರ ಬಂತು. ಮಾರ್ಸ್ಟನ್‌ನ ಪರೀಕ್ಷೆಯನ್ನು ಕೊಲೆ ಪ್ರಕರಣವೊಂದರಲ್ಲಿ ಸಾಕ್ಷ್ಯವಾಗಿ ತಂದಾಗ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ, ವಿಷಯ ಬಲ್ಲ ವಿಜ್ಞಾನಿಗಳೇ ಇದನ್ನು ಸಾಮಾನ್ಯವಾಗಿ ಒಪ್ಪಿಲ್ಲ ಎಂದು 1923ರಲ್ಲಿ ತಳ್ಳಿಹಾಕಿತು. ಅದೇ ಮಾರ್ಸ್ಟನ್ 1941ರಲ್ಲಿ ವಂಡರ್ ವುಮನ್ ಎಂಬ ಚಿತ್ರಕಥಾ ನಾಯಕಿಯನ್ನು ಸೃಷ್ಟಿಸಿದ. ಅವಳ ಹಗ್ಗಕ್ಕೆ ಸಿಕ್ಕಿದವರು ನಿಜವನ್ನೇ ಹೇಳಬೇಕು. ತಪ್ಪದೆ ಕೆಲಸ ಮಾಡುವ ಸಾಧನ ಅವನಿಗೆ ಸಿಕ್ಕಿದ್ದು ಕಥೆಯಲ್ಲಿ ಮಾತ್ರ.

ಪಾಲಿಗ್ರಾಫ್ ಎಂದು ಹೆಸರಾದ ಈ ಯಂತ್ರ ಸುಳ್ಳನ್ನು ಅಳೆಯುವುದಿಲ್ಲ. ಅದು ಅಳೆಯುವುದು ಉಸಿರು, ರಕ್ತದೊತ್ತಡ, ಬೆವರಿನಿಂದ ಚರ್ಮದಲ್ಲಾಗುವ ವಿದ್ಯುತ್ ವ್ಯತ್ಯಾಸ. ಇವುಗಳಿಂದ ಅಪರಾಧ ಓದಲು 1947ರಲ್ಲಿ ಜಾನ್ ರೀಡ್ ಹೋಲಿಕೆಯ ಪ್ರಶ್ನೆಗಳನ್ನು ತಂದ. ‘ಆ ಹಣ ಕದ್ದವನು ನೀನೇನು?’ ಎಂಬುದರ ಪಕ್ಕದಲ್ಲಿ ‘ಹಿಂದೆ ಯಾವತ್ತಾದರೂ ಯಾರದಾದರೂ ವಸ್ತು ಎತ್ತಿಕೊಂಡಿದ್ದೆಯಾ?’ ಎಂಬ ಇನ್ನೊಂದು. ನಿರಪರಾಧಿ ಎರಡನೆಯದಕ್ಕೆ ಹೆಚ್ಚು ಅಳುಕುತ್ತಾನೆ, ಅಪರಾಧಿ ಮೊದಲನೆಯದಕ್ಕೆ ಎಂಬ ಲೆಕ್ಕ. ಮನುಷ್ಯರು ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಸೋವಿಯತ್ ಒಕ್ಕೂಟಕ್ಕೆ ರಹಸ್ಯ ಮಾರುತ್ತಿದ್ದ ಅಮೆರಿಕದ ಗೂಢಚಾರ ಸಂಸ್ಥೆ ಸಿಐಎಯ ಅಧಿಕಾರಿ ಆಲ್ಡ್ರಿಚ್ ಏಮ್ಸ್ 1986 ಮತ್ತು 1991ರಲ್ಲಿ ಎರಡೂ ಸಲ ಪಾಲಿಗ್ರಾಫ್ ದಾಟಿದ, ಸಿಕ್ಕಿಬಿದ್ದದ್ದು 1994ರಲ್ಲಿ. ಅಷ್ಟರಲ್ಲಿ, 1988ರಲ್ಲೇ, ಅಮೆರಿಕ ಕಾನೂನು ಮಾಡಿ ಬಹುಪಾಲು ಖಾಸಗಿ ಕಂಪನಿಗಳು ನೌಕರರನ್ನು ಯಂತ್ರಕ್ಕೆ ಕೂರಿಸುವುದನ್ನು ತಡೆದಿತ್ತು. ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿಯ 2003ರ ವರದಿಯಲ್ಲಿ ಒಂದು ಕಲ್ಪಿತ ಲೆಕ್ಕವಿದೆ: 10,000 ನೌಕರರಲ್ಲಿ 10 ಗೂಢಚಾರರಿದ್ದು, ಅವರಲ್ಲಿ 8 ಮಂದಿಯನ್ನು ಹಿಡಿಯುವಷ್ಟು ಪರೀಕ್ಷೆಯನ್ನು ಬಿಗಿ ಮಾಡಿದರೆ, ಜೊತೆಗೆ ಸುಮಾರು 1,600 ನಿರಪರಾಧಿಗಳೂ ಬಲೆಗೆ ಬೀಳುತ್ತಾರೆ.

ಯಂತ್ರ ಬೇಡ, ಪಳಗಿದ ಕಣ್ಣು ಸಾಕು ಎಂಬ ವಾದ ಇದಕ್ಕೆ ಸಮಾನಾಂತರವಾಗಿ ಬೆಳೆಯಿತು. 1969ರಲ್ಲಿ ಪಾಲ್ ಎಕ್ಮನ್ ಮತ್ತು ವ್ಯಾಲೇಸ್ ಫ್ರೀಸನ್, ಅದುಮಿಟ್ಟ ಭಾವನೆ ಮುಖ, ಕೈ, ಕಾಲುಗಳ ಚಲನೆಯಲ್ಲಿ ಸೋರುತ್ತದೆ ಎಂದು ಬರೆದರು. ಈ ವಿಚಾರ ಪೊಲೀಸ್ ತರಬೇತಿಗೂ ವಿಮಾನ ನಿಲ್ದಾಣದ ತಪಾಸಣೆಗೂ ಹೋಯಿತು. ಲೆಕ್ಕ ಹಾಕಿ ನೋಡಿದವರಿಗೆ ಬೇರೆಯೇ ಕಂಡಿತು. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ 2006ರಲ್ಲಿ ಸುಮಾರು 24,000 ಜನರ ಊಹೆಗಳನ್ನು ಒಟ್ಟುಗೂಡಿಸಿದಾಗ, ನಿಜ ಯಾವುದು ಸುಳ್ಳು ಯಾವುದು ಎಂದು ಸರಿಯಾಗಿ ಹೇಳಿದ ಪ್ರಮಾಣ ಶೇ. 54. ನಾಣ್ಯ ಚಿಮ್ಮಿದರೂ 50 ಬರುತ್ತದೆ. ವೃತ್ತಿಯಲ್ಲಿ ಪಳಗಿದವರೂ ಇದಕ್ಕಿಂತ ಮೇಲೇನೂ ಏರಲಿಲ್ಲ. ಇವರಿಬ್ಬರು ಎರಡು ವರ್ಷದ ಮೇಲೆ ಕಂಡುಕೊಂಡದ್ದು ಇನ್ನೂ ಮುಖ್ಯ: ಸುಳ್ಳು ಹಿಡಿಯುವ ಸಾಮರ್ಥ್ಯದಲ್ಲಿ ಜನರ ನಡುವೆ ಹೆಚ್ಚು ಅಂತರವಿಲ್ಲ, ನಂಬಿಕಸ್ಥರಂತೆ ಕಾಣುವುದರಲ್ಲಿ ದೊಡ್ಡ ಅಂತರವಿದೆ. ಕೆಲವರು ಸುಳ್ಳಾಡಿದರೂ ನಂಬಿಸುತ್ತಾರೆ, ಕೆಲವರು ನಿಜ ಹೇಳಿದರೂ ಕಳ್ಳರಂತೆ ಕಾಣುತ್ತಾರೆ. ವಿಜ್ಞಾನೇಶ್ವರನ ‘ಸಹಜ ವಿಕಾರ’ಕ್ಕೆ ಇದಕ್ಕಿಂತ ಒಳ್ಳೆಯ ಟೀಕೆ ಸಿಗಲಾರದು.

ಹಾಗಾದರೆ ಸುಳ್ಳು ಬಯಲಾಗುವುದು ಹೇಗೆ? 2002ರಲ್ಲಿ ಹೀ ಸನ್ ಪಾರ್ಕ್, ಟಿಮತಿ ಲೆವಿನ್ ಮತ್ತು ಸಂಗಡಿಗರು, ತಾವು ಪತ್ತೆ ಮಾಡಿದ ಸುಳ್ಳೊಂದನ್ನು ನೆನಪಿಸಿಕೊಳ್ಳಲು ಜನರನ್ನು ಕೇಳಿದರು. ಬಂದ ಉತ್ತರಗಳು ಬಹುತೇಕ ಒಂದೇ: ಬೇರೆಯವರು ಹೇಳಿದ್ದು, ಕೈಗೆ ಸಿಕ್ಕ ಕುರುಹು, ಇಲ್ಲವೇ ಸುಳ್ಳಾಡಿದವರ ತಪ್ಪೊಪ್ಪಿಗೆ; ಅದೂ ಎಷ್ಟೋ ಸಲ ದಿನಗಳು ಕಳೆದ ಮೇಲೆ. ಮುಖ ನೋಡಿ ಆ ಗಳಿಗೆಯಲ್ಲೇ ಹಿಡಿದವರು ತೀರಾ ವಿರಳ. ಬ್ರಿಟನ್ನಿನ ಆಲ್ಡರ್ಟ್ ವ್ರೈಯಂಥವರು ಈಗ ಹಣೆಯ ಬೆವರು ನೋಡುವುದನ್ನು ಬಿಟ್ಟು ಪ್ರಶ್ನೆ ಕೇಳುವ ಬಗೆಯ ಮೇಲೆ ಕೆಲಸ ಮಾಡುತ್ತಾರೆ: ನಡೆದದ್ದನ್ನು ಹಿಂದುಮುಂದಾಗಿ ಹೇಳಿಸುವುದು, ಪರಿಶೀಲಿಸಬಹುದಾದ ವಿವರ ಕೇಳುವುದು ಇತ್ಯಾದಿ.

ಭಾರತದಲ್ಲಿ ಈ ಕಥೆಯ ಒಂದು ಅಧ್ಯಾಯ ಬೆಂಗಳೂರಿನದು. ಔಷಧಿಯಿಂದ ನಿಜ ಹೊರಡಿಸುವ ಪ್ರಯತ್ನವನ್ನು 1922ರಲ್ಲಿ ಟೆಕ್ಸಸ್‌ನ ವೈದ್ಯ ರಾಬರ್ಟ್ ಹೌಸ್ ಕೈದಿಗಳ ಮೇಲೆ ಮಾಡಿದ್ದ. ಅದರ ವಂಶದ ಮಂಪರು ಪರೀಕ್ಷೆ, ಪೆಂಟೋಥಾಲ್ ಚುಚ್ಚಿ ಪ್ರಶ್ನಿಸುವ ಕ್ರಮ, 2000ದ ದಶಕದಲ್ಲಿ ಬೆಂಗಳೂರಿನಲ್ಲಿ ಮೇಲಿಂದ ಮೇಲೆ ನಡೆಯಿತು. ನಕಲಿ ಛಾಪಾ ಕಾಗದ ಹಗರಣದ ಅಬ್ದುಲ್ ಕರೀಂ ತೆಲಗಿಯ ಮಂಪರಿನ ಮಾತುಗಳು ಟಿವಿಯಲ್ಲೂ ಬಂದವು. ಮಂಪರಿನಲ್ಲಿದ್ದವರು ಕೇಳುವವರ ಸೂಚನೆಗೆ ಸುಲಭವಾಗಿ ಓಗೊಡುತ್ತಾರೆ, ನಿಜದೊಳಗೆ ಕಲ್ಪನೆ ಬೆರೆಸುತ್ತಾರೆ ಎಂಬುದನ್ನು ನೋಡುಗರಿಗೆ ಹೇಳಿದವರು ಕಡಿಮೆ. 2010ರ ಮೇ 5ರಂದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರಿದ್ದ ಸುಪ್ರೀಂ ಕೋರ್ಟಿನ ಮೂವರ ಪೀಠ, ಒಪ್ಪಿಗೆಯಿಲ್ಲದೆ ಯಾರನ್ನೂ ಮಂಪರು, ಪಾಲಿಗ್ರಾಫ್ ಅಥವಾ ಮಿದುಳಿನ ಪರೀಕ್ಷೆಗೆ ಒಡ್ಡುವಂತಿಲ್ಲ, ಅದು ಸಂವಿಧಾನದ 20(3) ಮತ್ತು 21ನೇ ವಿಧಿಗಳಿಗೆ ವಿರುದ್ಧ ಎಂದು ಸಾರಿತು. ಒಪ್ಪಿಗೆಯಿಂದ ನಡೆದರೂ ಪರೀಕ್ಷೆಯ ಫಲಿತಾಂಶ ತಾನೇ ಸಾಕ್ಷ್ಯವಲ್ಲ. ಅದರ ಸುಳಿವು ಹಿಡಿದು ಹೋಗಿ ಪತ್ತೆ ಮಾಡಿದ ವಸ್ತು ಅಥವಾ ಮಾಹಿತಿಯನ್ನಷ್ಟೇ ನ್ಯಾಯಾಲಯ ಪರಿಗಣಿಸಬಹುದು.