ಅಕ್ಷರವೋ ಧ್ವನಿಮಾವೋ: ಕನ್ನಡ ಕೀಲಿಮಣೆಯ ಚರಿತ್ರೆ ಮತ್ತು ಮಕ್ಕಳ ಬರಹ

ಶ್ರವಣಬೆಳಗೊಳದ ದೊಡ್ಡಬೆಟ್ಟದಲ್ಲಿ ಗೊಮ್ಮಟಮೂರ್ತಿಯ ಪಾದಗಳ ಇಕ್ಕೆಲಗಳಲ್ಲಿ, ಚಾವುಂಡರಾಯನು ಅದನ್ನು ಮಾಡಿಸಿದನೆಂಬ ಒಂದೇ ಸಂಗತಿಯನ್ನು ಕನ್ನಡ, ತಮಿಳು ಮತ್ತು ಮರಾಠಿಗಳಲ್ಲಿ ಕೆತ್ತಲಾಗಿದೆ. ಕನ್ನಡಕ್ಕೆ ಕನ್ನಡ ಲಿಪಿ, ತಮಿಳಿಗೆ ಗ್ರಂಥ ಮತ್ತು ವಟ್ಟೆಳುತ್ತು, ಮರಾಠಿಗೆ ನಾಗರಿ. ಓದುಗನು ಬಲ್ಲ ಲಿಪಿಯಲ್ಲಿಯೇ ಬರಹವು ಅವನಿಗೆ ಎದುರಾಗಬೇಕೆಂಬ ವಿವೇಕ ಇಲ್ಲಿ ಕಾಣುತ್ತದೆ. ಇಂದು ಅದೇ ಊರಿನ ಮಗುವೊಂದು ಅಂತರ್ಜಾಲದಲ್ಲಿ ಗೆಳೆಯರಿಗೆ ಕನ್ನಡದಲ್ಲಿ ಬರೆಯಹೊರಟರೆ, ಅದು ಬಲ್ಲ ಬರಹಕ್ಕೂ ಯಂತ್ರ ಬೇಡುವ ಬರಹಕ್ಕೂ ಅಂತರ ತೋರುತ್ತದೆ. ಆ ಅಂತರ ಹುಟ್ಟಿದ ಬಗೆಯನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕೈಬರಹದಲ್ಲಿ ಬರಹಗಾರನ ಕ್ರಮವು ದೃಶ್ಯಕ್ರಮ. ‘ಸೂರ್ಯ’ ಎಂದು ಬರೆಯುವಾಗ ‘ಯ’ಕಾರವನ್ನು ಮೊದಲು ಬರೆದು ಅರ್ಕಾವತ್ತನ್ನು ಅನಂತರ ಇಡುತ್ತೇವೆ. ಕನ್ನಡ ಬೆರಳಚ್ಚು ಯಂತ್ರವೂ ಇದೇ ಕ್ರಮವನ್ನು ಉಳಿಸಿಕೊಂಡಿತ್ತು; ಒತ್ತಕ್ಷರಗಳಿಗೆ ಅಲ್ಲಿ ಸ್ವತಂತ್ರ ಕೀಲಿಗಳಿದ್ದವು. ಗಣಕಯಂತ್ರ ಈ ಕ್ರಮವನ್ನು ಬದಲಿಸಿತು. 1986ರಲ್ಲಿ ಶಿಷ್ಟಗೊಂಡ ಇನ್‌ಸ್ಕ್ರಿಪ್ಟ್ ವಿನ್ಯಾಸವು ಭಾರತೀಯ ಲಿಪಿಗಳ ಸಮಾನ ಧ್ವನಿವ್ಯವಸ್ಥೆಯನ್ನು ಆಧರಿಸಿ ಸ್ವರಗಳನ್ನು ಎಡಗೈಗೂ ವ್ಯಂಜನಗಳನ್ನು ಬಲಗೈಗೂ ಹಂಚಿತು. 1991ರ ಇಸ್ಕಿ ಮಾನಕ ಮತ್ತು ಅದೇ ವರ್ಷದ ಯೂನಿಕೋಡ್ ಎರಡೂ ಉಚ್ಚಾರಣೆಯ ಕ್ರಮವನ್ನೇ ಅನುಸರಿಸಿದವು. ‘ರ್ಯ’ ಎಂಬುದು ಈಗ ರಕಾರ, ಹಲಂತಚಿಹ್ನೆ, ಯಕಾರ ಎಂಬ ಮೂರು ಸಂಕೇತಗಳ ಸರಣಿ. ಹುಡುಕಾಟಕ್ಕೂ ಅಕಾರಾದಿ ಜೋಡಣೆಗೂ ಇದರಿಂದಾದ ಉಪಕಾರ ದೊಡ್ಡದು.

ಬಳಕೆದಾರನ ಕೈಗೆ ಈ ವ್ಯವಸ್ಥೆ ಎರಡು ದಾರಿಗಳಲ್ಲಿ ತಲುಪಿತು. ಕೆ. ಪಿ. ರಾವ್ ರೂಪಿಸಿದ ವಿನ್ಯಾಸದಲ್ಲಿ ವ್ಯಂಜನದ ಕೀಲಿ ಅಕಾರಸಹಿತವಾದ ಪೂರ್ಣಾಕ್ಷರವನ್ನೇ ಕೊಡುತ್ತದೆ. ಸಂಯುಕ್ತಾಕ್ಷರಕ್ಕೆ ನಡುವೆ ಕೊಂಡಿಯ ಕೀಲಿಯನ್ನು ಒತ್ತಬೇಕು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ಇದು ಕಚೇರಿಗಳಲ್ಲಿ ನೆಲೆಯೂರಿತು. 1998ರಲ್ಲಿ ಹೊರಬಂದ ಶೇಷಾದ್ರಿವಾಸು ಅವರ ‘ಬರಹ’ದ ಲಿಪ್ಯಂತರ ಕ್ರಮದಲ್ಲಾದರೋ ವ್ಯಂಜನದ ಕೀಲಿ ಒತ್ತಿದರೆ ಮೂಡುವುದು ‘ಕ್’. ಸ್ವರ ಸೇರಿದಾಗಲೇ ‘ಕ’. ಮೊದಲನೆಯದು ಅಕ್ಷರವನ್ನು ಘಟಕವೆಂದು ಬಗೆಯಿತು, ಎರಡನೆಯದು ಧ್ವನಿಮಾವನ್ನು. ಆದರೆ ಒತ್ತಕ್ಷರದ ಬಳಿ ಬಂದಾಗ ಎರಡೂ ಒಂದೇ ಬೇಡಿಕೆಯನ್ನು ಮುಂದಿಡುತ್ತವೆ: ಬರೆಯುವವನು ವ್ಯಂಜನವನ್ನು ಸ್ವರದಿಂದ ಬೇರ್ಪಡಿಸಿ ಗ್ರಹಿಸಬೇಕು.

ವಯಸ್ಕರಿಗೆ ಇದು ಅಭ್ಯಾಸದ ಮಾತು. ಮಗುವಿಗೆ ಹಾಗಲ್ಲ. ಕನ್ನಡ ಕಲಿಯುವ ಮಕ್ಕಳಲ್ಲಿ ಉಚ್ಚಾರಾಂಶದ ಅರಿವು ಬೇಗ ಮೂಡುತ್ತದೆ, ಧ್ವನಿಮಾದ ಅರಿವು ನಿಧಾನವಾಗಿ ಬೆಳೆಯುತ್ತದೆ, ಅಕ್ಷರಜ್ಞಾನದ ಗಳಿಕೆಯೇ ಹಲವು ತರಗತಿಗಳವರೆಗೆ ಚಾಚುತ್ತದೆ ಎಂಬುದನ್ನು ಸೋನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಶಾಲೆಯ ಕ್ರಮವೂ ಇದಕ್ಕೆ ಹೊಂದುವಂಥದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿಕಲಿ’ಯು ವರ್ಣಮಾಲೆಯ ಅನುಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂಬ ಗುಂಪಿನಿಂದ ಅಕ್ಷರಗಳನ್ನು ಪರಿಚಯಿಸುತ್ತದೆ. ಹೀಗೆ ಆಕಾರದ ನೆರವಿನಿಂದ ಅಕ್ಷರ ಕಲಿತ ಮಗು ಕೀಲಿಮಣೆಯ ಮುಂದೆ ಕುಳಿತೊಡನೆ ಧ್ವನಿಶಾಸ್ತ್ರಜ್ಞನಂತೆ ಯೋಚಿಸಬೇಕಾಗುತ್ತದೆ. ತಪ್ಪಾದರೆ ತಿದ್ದುವುದೂ ಸುಲಭವಲ್ಲ: ಅಳಿಸುವ ಕೀಲಿಯನ್ನು ಒತ್ತಿದಾಗ ಅನೇಕ ವ್ಯವಸ್ಥೆಗಳಲ್ಲಿ ಇಡೀ ಅಕ್ಷರದ ಬದಲು ಕೊನೆಯ ಸಂಕೇತವೊಂದೇ ಹೋಗಿ, ಮಗು ಎಂದೂ ಬರೆಯದಿದ್ದ ಅರ್ಧರೂಪವೊಂದು ಪರದೆಯ ಮೇಲೆ ಉಳಿಯುತ್ತದೆ. ಪಕ್ಕದಲ್ಲೇ ರೋಮನ್ ಅಕ್ಷರಗಳು ಸಿದ್ಧವಾಗಿರುವಾಗ ಮಗು ಅತ್ತ ಹೊರಳಿದರೆ ಅದನ್ನು ಭಾಷಾಭಿಮಾನದ ಕೊರತೆಯೆಂದು ಹಳಿಯುವುದು ನ್ಯಾಯವಲ್ಲ.

ಪರಿಹಾರಕ್ಕಾಗಿ ಸಂಕೇತವಿಧಾನವನ್ನು ಬದಲಿಸಬೇಕಾಗಿಲ್ಲ. ಯಂತ್ರದೊಳಗಿನ ಸಂಗ್ರಹಕ್ರಮ ಬೇರೆ, ಬೆರಳಿಗೆ ಎದುರಾಗುವ ಕ್ರಮ ಬೇರೆ. ಇವೆರಡೂ ಒಂದೇ ಆಗಿರಬೇಕೆಂಬ ನಿಯಮವೇನೂ ಇಲ್ಲ. ಮಕ್ಕಳ ಸಂವಹನತಾಣಗಳಲ್ಲಿ ಒತ್ತುಗಳು ತಮ್ಮ ಆಕಾರದಲ್ಲಿಯೇ ಕಾಣಿಸಿಕೊಳ್ಳಲಿ. ‘ಯ’ ಬರೆದ ಮೇಲೆ ಅರ್ಕಾವತ್ತನ್ನಿಡಲು ಅವಕಾಶವಿರಲಿ. ಅಳಿಸುವಿಕೆ ಅಕ್ಷರಕ್ಕೊಂದರಂತೆ ನಡೆಯಲಿ. ಸಂಕೇತಗಳನ್ನು ಮರುಜೋಡಿಸುವ ಹೊಣೆ ತಂತ್ರಾಂಶದ್ದಾಗಲಿ. ಇಂಥ ವಿನ್ಯಾಸ ಯಾವ ವಯಸ್ಸಿನವರೆಗೆ ನೆರವಾಗುತ್ತದೆ, ಧ್ವನಿಮಾದ ಅರಿವನ್ನು ಅದು ತಡಮಾಡುತ್ತದೆಯೇ ಎಂಬುದನ್ನು ತರಗತಿಯಲ್ಲಿಯೇ ಪರೀಕ್ಷಿಸಿ ನೋಡಬೇಕು. ಆ ಕೆಲಸ ತಂತ್ರಜ್ಞರೊಬ್ಬರದೇ ಅಲ್ಲ, ಭಾಷಾವಿಜ್ಞಾನಿಗಳದೂ ಹೌದು.