ಸೌತಾಲಿನ ಅಕ್ಕತಂಗಿಯರು ಮತ್ತು ಒಂದು ಸಿನಿಮಾ

ನಮ್ಮ ಪುಣೆಯ ಆಫೀಸಿನಲ್ಲಿ ಪ್ರತಿ ವರ್ಷ ‘ಪೋಶ್’ ತರಬೇತಿ ನಡೆಯುತ್ತದೆ. ಒಂದು ವಿಡಿಯೋ, ಕೊನೆಗೆ ಹತ್ತು ಪ್ರಶ್ನೆ. ತಂಡದವರೆಲ್ಲ ಗಡುವಿನೊಳಗೆ ಮುಗಿಸಿದರೇ ಎಂದು ಎಕ್ಸೆಲ್ ಹಾಳೆಯಲ್ಲಿ ನೋಡುವುದು ಪ್ರಾಜೆಕ್ಟ್ ಮ್ಯಾನೇಜರ್ ಆದ ನನ್ನ ಪಾಲಿನ ಕೆಲಸ. ವಿಡಿಯೋದ ನಡುವೆ ‘ವಿಶಾಖಾ ತೀರ್ಪು, 1997’ ಎಂಬ ಸ್ಲೈಡ್ ಒಂದು ಬಂದು ಹೋಗುತ್ತದೆ. ಈ ಸಲ ಅದನ್ನು ಕಂಡಾಗ ನಿರ್ದೇಶಕ ಜಗ್ ಮುಂದ್ರಾ ನೆನಪಾದರು.

ಮುಂದ್ರಾ ಐಐಟಿ ಬಾಂಬೆಯಲ್ಲಿ ಓದಿ, ಎಂಜಿನಿಯರಿಂಗ್ ಬಿಟ್ಟು ಸಿನಿಮಾಕ್ಕೆ ಹೋದವರು. (ನಮ್ಮಲ್ಲಿ ಎಷ್ಟೋ ಜನ ಕನಸು ಕಂಡು ಕೈಬಿಟ್ಟ ದಾರಿ!) ಅಮೆರಿಕದಲ್ಲಿ ವರ್ಷಗಟ್ಟಲೆ ಅಗ್ಗದ ಥ್ರಿಲ್ಲರ್‌ಗಳನ್ನು ತೆಗೆದ ಈ ಮನುಷ್ಯ ಆಮೇಲೆ ಎರಡು ಬೇರೆಯೇ ಬಗೆಯ ಚಿತ್ರ ಮಾಡಿದರು. ಒಂದು ‘ಬವಂಡರ್’, 2000ದ್ದು. ಬಾಲ್ಯವಿವಾಹ ತಡೆಯಲು ಹೋಗಿ ಸಾಮೂಹಿಕ ಅತ್ಯಾಚಾರಕ್ಕೊಳಗಾದ ರಾಜಸ್ಥಾನದ ಭಂವರೀ ದೇವಿಯ ಕಥೆ. ವಿಶಾಖಾ ತೀರ್ಪಿನ ಹಿಂದಿರುವುದು ಆಕೆಯದೇ ಪ್ರಕರಣ. ಇನ್ನೊಂದು ‘ಪ್ರೊವೋಕ್ಡ್’, 2007ರಲ್ಲಿ ತೆರೆಗೆ ಬಂದದ್ದು. ಇಂಗ್ಲೆಂಡಿನ ಕಿರಣ್‌ಜಿತ್ ಅಹ್ಲುವಾಲಿಯಾ ಕಥೆ. ಎರಡರಲ್ಲೂ ನಂದಿತಾ ದಾಸ್ ಇದ್ದಾರೆ. ಭಂವರೀ ದೇವಿಯ ಮೇಲೆ ದಾಳಿ ನಡೆದದ್ದು 1992ರ ಸೆಪ್ಟೆಂಬರ್ 22ರಂದು. ಮೂರೇ ದಿನಕ್ಕೆ, 25ರಂದು, ಕಿರಣ್‌ಜಿತ್ ಬಿಡುಗಡೆಯಾದರು.

ಕಿರಣ್‌ಜಿತ್ ಪಂಜಾಬಿನವರು. 1979ರಲ್ಲಿ ಮದುವೆಯಾಗಿ ಇಂಗ್ಲೆಂಡಿಗೆ ಹೋದರು. ಹತ್ತು ವರ್ಷ ಏಟು ತಿಂದರು. ಗಂಡನನ್ನು ತಡೆಯುವ ಆದೇಶವನ್ನು ಕೋರ್ಟಿನಿಂದ ಎರಡು ಸಲ ತಂದರೂ ಹೊಡೆತ ನಿಲ್ಲಲಿಲ್ಲ. ಕುಟುಂಬದವರು ಹೇಳಿದ್ದು ಮನೆತನದ ಮರ್ಯಾದೆಯ ಮಾತು. 1989ರ ಮೇ ತಿಂಗಳ ಒಂದು ರಾತ್ರಿ ಗಂಡ ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಮುಖಕ್ಕೆ ಹಿಡಿದು ಹೆದರಿಸಿದ. ಅವನು ಮಲಗಿದ ಮೇಲೆ ಆಕೆ ಅವನಿಗೆ ಬೆಂಕಿ ಹಚ್ಚಿದರು. ಕೆಲವೇ ದಿನಗಳಲ್ಲಿ ಅವನು ಸತ್ತ. ಅದೇ ಡಿಸೆಂಬರಿನಲ್ಲಿ ಲ್ಯೂಯಿಸ್ ಕೋರ್ಟು ಕೊಲೆ ಎಂದು ತೀರ್ಮಾನಿಸಿ ಜೀವಾವಧಿ ಶಿಕ್ಷೆ ಕೊಟ್ಟಿತು. ಆ ವಿಚಾರಣೆಯಲ್ಲಿ ಆಕೆ ಸಾಕ್ಷಿ ನುಡಿಯಲೇ ಇಲ್ಲ.

ಕಾನೂನಿನ ಗಂಟು ಇದ್ದದ್ದು ಒಂದು ಪದದಲ್ಲಿ: ‘ಹಠಾತ್’. ಕೆರಳಿಸಿದ್ದರಿಂದ ಕೊಂದೆ ಎನ್ನಬೇಕಾದರೆ ಹಠಾತ್ತನೆ ಸ್ವನಿಯಂತ್ರಣ ತಪ್ಪಿರಬೇಕು ಎಂದು 1949ರ ಡಫಿ ಪ್ರಕರಣದಿಂದ ಬಂದ ನಿಯಮ. ಎದುರಾಳಿಗಿಂತ ಬಲವಿದ್ದವನಿಗೆ ಹಠಾತ್ತನೆ ಕೈ ಎತ್ತುವುದು ಸುಲಭ. ಬಲವಿಲ್ಲದವಳು ಅವನು ಮಲಗುವವರೆಗೆ ಕಾದರೆ ಅದು ಯೋಜಿಸಿ ಮಾಡಿದ ಕೊಲೆ. ಗಂಡಸರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ನಿಯಮ ಎಂದು ನನಗನ್ನಿಸುತ್ತದೆ.

ಈ ಪ್ರಕರಣವನ್ನು ಕೈಗೆತ್ತಿಕೊಂಡದ್ದು ‘ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್’. 1979ರಲ್ಲಿ, ಜನಾಂಗದ್ವೇಷದ ವಿರುದ್ಧ ಸೌತಾಲ್ ಬೀದಿಗಿಳಿದ ವರ್ಷದಲ್ಲೇ, ಏಷ್ಯಾ ಮತ್ತು ಆಫ್ರಿಕಾ-ಕೆರಿಬಿಯನ್ ಮೂಲದ ಹೆಂಗಸರು ಕಟ್ಟಿದ ಸಂಸ್ಥೆ. ಅವರು ಜೈಲಿಗೆ ಹೋಗಿ ಕಿರಣ್‌ಜಿತ್‌ರನ್ನು ಕಂಡರು, ಮಾತಾಡಿಸಿದರು, ಹೊಸ ವಕೀಲರನ್ನು ಹುಡುಕಿದರು, ಕೋರ್ಟಿನ ಹೊರಗೆ ಫಲಕ ಹಿಡಿದು ನಿಂತರು. ಆಕೆಯ ಮಾನಸಿಕ ಸ್ಥಿತಿಯ ಬಗ್ಗೆ ವೈದ್ಯರ ವರದಿಯೊಂದು ಮೊದಲ ವಿಚಾರಣೆಯ ಹೊತ್ತಿಗೇ ಇತ್ತು, ಯಾರೂ ಬಳಸಿರಲಿಲ್ಲ! ಮೇಲ್ಮನವಿಯಲ್ಲಿ ಅದು ಮುಂದೆ ಬಂತು. 1992ರ ಜುಲೈನಲ್ಲಿ ಕೊಲೆಯ ತೀರ್ಪು ರದ್ದಾಯಿತು. ಸೆಪ್ಟೆಂಬರಿನಲ್ಲಿ ಅದನ್ನು ಕೊಲೆಯಲ್ಲದ ನರಹತ್ಯೆ ಎಂದು ಒಪ್ಪಿ, ಆಗಲೇ ಅನುಭವಿಸಿ ಮುಗಿದಿದ್ದ ಮೂರು ವರ್ಷ ನಾಲ್ಕು ತಿಂಗಳನ್ನೇ ಶಿಕ್ಷೆಯಾಗಿ ಕೊಟ್ಟರು. ‘ಹಠಾತ್’ ಎಂಬ ಪದ ಕಾನೂನಿನಿಂದ ಹೋಗಲು ಮಾತ್ರ 2009ರ ಕಾಯ್ದೆಯೇ ಬರಬೇಕಾಯಿತು.

ಆ ಸಂಸ್ಥೆಯ ರಾಹಿಲಾ ಗುಪ್ತಾ ಕಿರಣ್‌ಜಿತ್ ಜೊತೆ ಕೂತು ‘ಸರ್ಕಲ್ ಆಫ್ ಲೈಟ್’ ಎಂಬ ಆತ್ಮಕಥೆ ಬರೆದರು. ‘ಪ್ರೊವೋಕ್ಡ್’ ಹುಟ್ಟಿದ್ದು ಅದರಿಂದ. ಚಿತ್ರಕಥೆಯಲ್ಲೂ ರಾಹಿಲಾ ಕೈಯಿದೆ. ಕಿರಣ್‌ಜಿತ್ ಆಗಿ ನಟಿಸಿದ್ದು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ. ಪಾತ್ರಕ್ಕೆ ಬೇಕಾದ ಮೌನವನ್ನು ಅವರು ಚೆನ್ನಾಗಿಯೇ ಹಿಡಿದಿದ್ದಾರೆ. ಆದರೆ ಸಿನಿಮಾಕ್ಕೆ ಅದರದ್ದೇ ಚಟ. ಜೈಲಿನಲ್ಲಿ ಬಿಳಿಯ ಗೆಳತಿಯೊಬ್ಬಳು ಸಿಗುತ್ತಾಳೆ, ಅವಳಿಗೆ ಬೇಕಾದ ದೊಡ್ಡ ವಕೀಲನೊಬ್ಬ ಮನಸ್ಸು ಕರಗಿ ವಾದಿಸುತ್ತಾನೆ. ನಿಜದಲ್ಲಿ ಮೇಲ್ಮನವಿ ವಾದಿಸಿದವರು ಜೆಫ್ರಿ ರಾಬರ್ಟ್‌ಸನ್, ಅವರಿಗೆ ಕಡತ ಒಪ್ಪಿಸಿದವರು ರೋಹಿತ್ ಸಾಂಘ್ವಿ. ಅದರ ಹಿಂದೆ ಸಂಘಟನೆಯ ದುಡಿಮೆ. ನಂದಿತಾ ದಾಸ್ ಪಾತ್ರದ ಮೂಲಕ ಸಂಸ್ಥೆ ಪರದೆಯ ಮೇಲೇನೋ ಇದೆ. ಫೈಲು, ಫೋನು, ಸಭೆಗಳ ಆ ಬೇಸರದ ದುಡಿಮೆ ಎರಡು ತಾಸಿನ ಕಥೆಗೆ ಒಗ್ಗುವುದಿಲ್ಲ.

ಚಿತ್ರ ಬಿಡುಗಡೆಯಾದ ಮರುವರ್ಷವೇ ಆ ಸಂಸ್ಥೆ ಕೋರ್ಟು ಹತ್ತಬೇಕಾಯಿತು, ಈ ಸಲ ತನ್ನ ಉಳಿವಿಗೆ. ಸ್ಥಳೀಯ ಈಲಿಂಗ್ ಕೌನ್ಸಿಲ್, ಇನ್ನು ಮುಂದೆ ಎಲ್ಲ ಹೆಂಗಸರಿಗೂ ಒಂದೇ ಸೇವೆ ಸಾಕು ಎಂದು ಅನುದಾನದ ರೀತಿಯನ್ನೇ ಬದಲಿಸಲು ಹೊರಟಿತ್ತು. 2008ರ ಜುಲೈನಲ್ಲಿ ಸಂಸ್ಥೆ ಗೆದ್ದಿತು.

ಅದೇ ವರ್ಷ ನಾನು ಆನ್‌ಸೈಟ್ ಎಂದು ಲಂಡನ್ನಿಗೆ ಹೋಗಿ ಹೌನ್ಸ್‌ಲೋದಲ್ಲಿ ಬಾಡಿಗೆಗಿದ್ದೆ. ಶನಿವಾರ ಕರಿಬೇವು, ತೊಗರಿಬೇಳೆಗೆ ಸೌತಾಲಿಗೆ ಬಸ್ಸು. ಈ ಸಿನಿಮಾದ ಡಿವಿಡಿ ತಂದದ್ದೂ ಅಲ್ಲಿಂದಲೇ. ಪಕ್ಕದ ಮನೆಯಲ್ಲಿ ನಮ್ಮವರೇ ಒಂದು ಜೋಡಿ ಇತ್ತು. ಗೋಡೆ ತೆಳ್ಳಗಿತ್ತು. ಕೆಲವು ರಾತ್ರಿ ಕನ್ನಡದಲ್ಲೇ ಬೈಗುಳ, ಆಮೇಲೆ ಏನೋ ಬಿದ್ದ ಸದ್ದು, ಆಮೇಲೆ ಏನೂ ಇಲ್ಲ. ನಾವು ಮೂವರು ಹುಡುಗರು ಟಿವಿ ಸದ್ದು ಏರಿಸುತ್ತಿದ್ದೆವು. ಮನೆ ವಿಷಯ, ನಮಗ್ಯಾಕೆ. ಒಂದು ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಆಕೆ ‘ನೀವು ವಾರವಾರ ಸೌತಾಲಿಗೆ ಹೋಗ್ತೀರಲ್ವಾ?’ ಎಂದರು. ‘ಹೌದು, ಏನಾದ್ರೂ ತರಬೇಕಾ ಮೇಡಂ?’ ಎಂದೆ. ಆಕೆ ‘ಏನೂ ಬೇಡ’ ಎಂದರು. ಬೇರೇನೋ ಕೇಳಲು ಬಂದಿದ್ದರೇ ಎಂದು ಈಗ ಅನಿಸುತ್ತದೆ.

ಕೇಳಿದ್ದರೂ ದಾರಿ ಸುಲಭವಿರಲಿಲ್ಲ. ಡಿಪೆಂಡೆಂಟ್ ವೀಸಾದ ಮೇಲೆ ‘ಸಾರ್ವಜನಿಕ ನಿಧಿಯ ನೆರವಿಲ್ಲ’ ಎಂಬ ಷರತ್ತು ಇರುತ್ತದೆ. ಬಾಡಿಗೆಯ ನೆರವು ಸಿಗದವರನ್ನು ಆಶ್ರಯಧಾಮಗಳೂ ಇಟ್ಟುಕೊಳ್ಳಲಾರವು. ಸೌತಾಲಿನ ಅಕ್ಕತಂಗಿಯರು ಈ ಷರತ್ತಿನ ವಿರುದ್ಧ ವರ್ಷಗಟ್ಟಲೆ ಹೋರಾಡಿ 2012ರಲ್ಲಿ ಒಂದು ರಿಯಾಯಿತಿ ಗಳಿಸಿದರು. ಅದು ಅಲ್ಲೇ ನೆಲೆಸಿದವರನ್ನು ಮದುವೆಯಾಗಿ ಬಂದ ಹೆಂಡತಿಯರಿಗೆ. ಕೆಲಸದ ವೀಸಾದವರ ಹೆಂಡತಿಯರಿಗೆ, ಅಂದರೆ ನಮ್ಮಂಥವರ ಮನೆಯವರಿಗೆ, ಮೂರು ತಿಂಗಳ ಅಂಥ ನೆರವು ದೊರೆಯುವಂತಾದದ್ದು 2024ರಲ್ಲಿ. ಪಕ್ಕದ ಮನೆಯವರು ಅಷ್ಟರಲ್ಲಿ ಊರಿಗೆ ಮರಳಿ ಎಷ್ಟೋ ವರ್ಷವಾಗಿತ್ತು.