ಡಿಸ್ನಿ ಪ್ಲಸ್ ಹಾಟ್‌ಸ್ಟಾರ್ ಮತ್ತು ಕನ್ನಡ

ಅಮೆರಿಕದ ವಾಲ್ಟ್ ಡಿಸ್ನಿ ಸಂಸ್ಥೆಯು ಚಲನಚಿತ್ರ ಹಾಗೂ ಸರಣಿಗಳನ್ನು ಅಂತರ್ಜಾಲದ ಮೂಲಕ ನೇರವಾಗಿ ಮನೆಗಳಿಗೆ ತಲುಪಿಸುವ ಡಿಸ್ನಿ ಪ್ಲಸ್ ಸೇವೆಯನ್ನು 2019ರ ನವೆಂಬರ್ 12ರಂದು ಆರಂಭಿಸಿತು. ಭಾರತದಲ್ಲಿ ಅದು ಪ್ರತ್ಯೇಕವಾಗಿ ಬರಲಿಲ್ಲ. ಸ್ಟಾರ್ ಇಂಡಿಯಾ 2015ರಲ್ಲಿ ಆರಂಭಿಸಿದ್ದ ಹಾಟ್‌ಸ್ಟಾರ್ 2019ರಲ್ಲಿ ಡಿಸ್ನಿಯ ಒಡೆತನಕ್ಕೆ ಸೇರಿತ್ತು. ಅದರೊಡನೆಯೇ ಹೊಸ ಸೇವೆಯನ್ನು ಜೋಡಿಸಲಾಯಿತು. ಐಪಿಎಲ್ ಆರಂಭದ ದಿನವಾದ 2020ರ ಮಾರ್ಚ್ 29ಕ್ಕೆ ನಿಗದಿಯಾಗಿದ್ದ ಬಿಡುಗಡೆ, ಕೊರೊನಾದಿಂದ ಪಂದ್ಯಾವಳಿ ಮುಂದೂಡಲ್ಪಟ್ಟ ಕಾರಣ ಏಪ್ರಿಲ್ 3ರಂದು, ಲಾಕ್‌ಡೌನ್ ನಡುವೆ ನಡೆಯಿತು.

ವಾರ್ಷಿಕ ಚಂದಾ 399 ರೂ. ಮತ್ತು 1,499 ರೂ. ಎಂದು ಎರಡು ಬಗೆಯದಾಗಿತ್ತು. ಕಡಿಮೆ ದರದ ಚಂದಾದಲ್ಲಿ ಡಿಸ್ನಿಯ ಸೂಪರ್‌ಹೀರೊ ಹಾಗೂ ಮಕ್ಕಳ ಚಿತ್ರಗಳು ಹಿಂದಿ, ತಮಿಳು, ತೆಲುಗಿಗೆ ಡಬ್ ಆಗಿ ದೊರೆತವು. ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಸುವರ್ಣ ವಾಹಿನಿಯ ಕನ್ನಡ ಧಾರಾವಾಹಿಗಳು ಅಲ್ಲಿದ್ದರೂ, ಮೂಡಿಗೆರೆ ತಾಲ್ಲೂಕಿನ ಗೋಣಿಬೀಡಿನಂಥ ಊರಿನ ಮಗುವೊಂದು ಈ ಚಿತ್ರಗಳನ್ನು ಅನ್ಯಭಾಷೆಯಲ್ಲೇ ನೋಡಬೇಕಿತ್ತು.

ಇದಕ್ಕೆ ಹಿನ್ನೆಲೆಯೂ ಉಂಟು. ಚಿತ್ರರಂಗದ ವಿರೋಧದಿಂದಾಗಿ 1960ರ ದಶಕದಿಂದ ಕನ್ನಡಕ್ಕೆ ಡಬ್ಬಿಂಗ್ ಬಹುತೇಕ ನಿಂತಿತ್ತು. ಈ ತಡೆ ಸಲ್ಲದೆಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಆದೇಶಿಸಿತು. ಬಾಗಿಲು ತೆರೆದು ಐದು ವರ್ಷ ಕಳೆದಿದ್ದರೂ ಹೊಸ ಸೇವೆಯ ಮೊದಲ ಸಾಲಿನಲ್ಲಿ ಕನ್ನಡಕ್ಕೆ ಸ್ಥಾನ ದೊರೆಯಲಿಲ್ಲ.

2025ರ ಫೆಬ್ರುವರಿ 14ರಂದು ಈ ಸೇವೆ ಜಿಯೋಸಿನಿಮಾದೊಂದಿಗೆ ವಿಲೀನಗೊಂಡು ಜಿಯೋಹಾಟ್‌ಸ್ಟಾರ್ ಆಯಿತು.